ಒಂದೇ ಒಂದು ಗಂಟಿಲ್ಲ

ನಮ್ಮ ಬೀದಿಯ ನಾಜೂಕಯ್ಯನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಏನೋ ಇದೆ. ಅದನ್ನು ನಾವು ಮರೆತಿದ್ದೇವೆ, ಅವನೂ ಮರೆತಂತಿದೆ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು ಅವನ ಉದ್ಯೋಗ. ಅವನು ಕೆಲಸಕ್ಕೆ ಸೇರಿದ ಮೇಲೆ ಅಲ್ಲಿನ ಪುಸ್ತಕಗಳೆಲ್ಲ ಎತ್ತರದ ಪ್ರಕಾರ ನಿಂತಿವೆ. ದೂರದಿಂದ ನೋಡಿದರೆ ಎರಡು ಕಣ್ಣು ಸಾಲದು. ಆದರೆ ಕಾನೂನಿನ ಪುಸ್ತಕ ಬೇಕೆಂದು ಹೋದವರನ್ನು ಅವನು, "ಅದು ಎಷ್ಟು ಎತ್ತರ ಇದೆ ಹೇಳಿ" ಎಂದು ಕೇಳುತ್ತಾನೆ. ಅಷ್ಟರಲ್ಲಿ ಕೇಳಿದವರು ತಮ್ಮ ಜಗಳವನ್ನು ಹೊರಗೆ ರಾಜಿ ಮಾಡಿಕೊಂಡಿರುತ್ತಾರೆ.

ನಾನು ಅವನ ಎದುರು ಮನೆಯವನು. ಮನೆಯ ಮುಂಭಾಗದಲ್ಲೇ ನನ್ನ ಪಂಚರ್ ಅಂಗಡಿ. ಪರರ ಮನೆಯ ವಿಷಯ ನನಗೆ ಬೇಡ. ಅವರ ಬಾಗಿಲು ಸದಾ ತೆರೆದಿರುತ್ತದೆ, ನನ್ನ ಕಿವಿ ದೇವರು ಇಟ್ಟ ಜಾಗದಲ್ಲೇ ಇದೆ, ಇಷ್ಟರಲ್ಲಿ ನನ್ನ ತಪ್ಪೇನೂ ಇಲ್ಲ.

ಆ ದಿನ ಮಧ್ಯಾಹ್ನ ನಾಜೂಕಯ್ಯನ ಮಾವ ಮಗಳ ಮನೆಗೆ ಊಟಕ್ಕೆ ಬಂದಿದ್ದರು. ಬೀದಿಯ ಕೊನೆಗೆ ಹೊಳೆ. ಹೊಳೆಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವ ಮೋಟಾರು ದೋಣಿ ಅವರದು. ಮಾತು ಕಡಿಮೆ, ಮೀಸೆ ಜಾಸ್ತಿ. ಮದುವೆಯಾದಂದಿನಿಂದ ಅವರು ನಾಜೂಕಯ್ಯನನ್ನು "ಅಳಿಯಂದಿರೇ" ಎಂದು ಒಮ್ಮೆಯೂ ಕರೆದವರಲ್ಲ. ಅವನು ಎದುರಿಗೇ ಕೂತಿದ್ದರೂ, "ಮಗಳೇ, ಆ ಮನುಷ್ಯಂಗೆ ಸ್ವಲ್ಪ ಅನ್ನ ಹಾಕು" ಎನ್ನುವರು. ನಾಜೂಕಯ್ಯನಿಗೆ ಬಂಗಲೆ ಬೇಡ, ಬಡ್ತಿ ಬೇಡ. ನಾಲ್ಕು ಜನರೆದುರು ಮಾವನ ಬಾಯಿಂದ "ನಮ್ಮ ಅಳಿಯಂದಿರು" ಎಂಬ ಎರಡು ಪದ ಬಿದ್ದರೆ ಅವನ ಜನ್ಮ ಸಾರ್ಥಕ. ಇದನ್ನು ಅವನು ನನ್ನ ಅಂಗಡಿಯಲ್ಲಿ ಕೂತು ಕಣ್ಣೊರೆಸಿಕೊಂಡು ಹೇಳಿದ್ದಾನೆ. ಹೇಳುವಾಗ ನನ್ನ ಸ್ಪ್ಯಾನರುಗಳನ್ನು ಬಣ್ಣದ ಪ್ರಕಾರ ಜೋಡಿಸಿಯೂ ಇದ್ದಾನೆ.

ಮಾವನಿಗೆ ಅಂದು ಊಟ ರುಚಿಸಲಿಲ್ಲ. "ನಾಡಿದ್ದು ತಪಾಸಣೆ ಸಾಹೇಬರು ಬರ್ತಾರೆ. ಹೋದ ವರ್ಷ ಲಂಗರು ಇಳಿಸಿ ಅಂದಾಗ ಹಗ್ಗ ಉಂಡೆಯಾಗಿ ಅರ್ಧದಲ್ಲೇ ನಿಂತುಬಿಡ್ತು. ಇದು ಹಗ್ಗವೋ ಹಕ್ಕಿಗೂಡೋ ಅಂತ ಕೇಳಿದ್ರು. ಈ ಸಲ ಸಿಕ್ಕು ಬಿದ್ರೆ ಪರವಾನಗಿ ಇಲ್ಲ, ದೋಣಿ ದಡಕ್ಕೆ. ನನಗೋ ಸೊಂಟ ಹಿಡ್ಕೊಂಡಿದೆ."

ನಾಜೂಕಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಹಗ್ಗ ಇಡೋದೂ ಒಂದು ವಿದ್ಯೇನಾ ಮಾವ? ನಾನಿಲ್ವಾ? ನಮ್ಮನೆ ಇಸ್ತ್ರಿ ಪೆಟ್ಟಿಗೆ ವೈರು ನೋಡಿ, ಹೇಗೆ ಸುತ್ತಿಟ್ಟಿದ್ದೀನಿ!"

"ಅದನ್ನ ಬಿಚ್ಚೋಕೆ ಆಗದೇ ನಾವು ಇಸ್ತ್ರಿ ಹಾಕೋದನ್ನೇ ಬಿಟ್ಟಿದೀವಿ ಅಪ್ಪ" ಎಂದಳು ಹೆಂಡತಿ.

"ತಾನು ಮಾಡೋದು ಉತ್ತಮ, ಮಗ ಮಾಡೋದು ಮಧ್ಯಮ, ಆಳು ಮಾಡೋದು ಹಾಳು" ಎಂದು ಮಾವ ನಿಟ್ಟುಸಿರಿಟ್ಟರು. "ಅಳಿಯ ಮಾಡಿದ್ರೆ ಏನಾಗುತ್ತೆ ಅಂತ ಗಾದೆ ಕಟ್ಟಿದವರು ಹೇಳೋಕೇ ಹೆದರಿದ್ದಾರೆ. ಆದರೂ ಸೊಂಟ ಕೇಳಬೇಕಲ್ಲ. ಮಗಳೇ, ಆ ಮನುಷ್ಯ ಹಗ್ಗ ತಗೊಂಡು ಹೋಗಲಿ."

ನಾಜೂಕಯ್ಯ ಕೈ ತೊಳೆಯುವುದನ್ನೂ ಮರೆತು ಹೊಳೆಯ ಕಡೆ ಓಡಿದ.

ಅವನು ಲಂಗರಿನ ಸಮೇತ ಹಗ್ಗವನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ವಾಪಸು ಬರುವಾಗ ಸಂಜೆಯಾಗಿತ್ತು. ಬೆರಳುಗಳ ಸಿಪ್ಪೆ ಎದ್ದಿತ್ತು, ಮುಖದಲ್ಲಿ ಮಾತ್ರ ಯುದ್ಧ ಗೆದ್ದ ಕಳೆ.

"ಇಷ್ಟು ಹೊತ್ತು ಏನ್ ಮಾಡ್ತಿದ್ದೆ ಮಾರಾಯ?" ಎಂದೆ.

"ಹಗ್ಗದ ತುಂಬಾ ಗಂಟು ಕಣಯ್ಯ. ಎಲ್ಲಾ ಬಿಚ್ಚಿದೆ. ಆದರೆ ಬಾಲದಲ್ಲಿ ಒಂದಿತ್ತು ನೋಡು, ಎಂಥಾ ಹಠಮಾರಿ ಗಂಟು ಅಂತೀಯ! ದೋಣಿ ಮೂತಿಯಲ್ಲಿರೋ ಕಬ್ಬಿಣದ ಬಳೆಗೆ ಸಿಕ್ಕಿಹಾಕ್ಕೊಂಡು ಕೂತಿತ್ತು. ಎಷ್ಟು ವರ್ಷದಿಂದ ಯಾರೂ ಗಮನಿಸಿಯೇ ಇಲ್ಲ. ನಿನ್ನ ಸ್ಕ್ರೂಡ್ರೈವರ್ ತೂರಿಸಿ, ಹಲ್ಲಲ್ಲಿ ಕಚ್ಚಿ, ಕೊನೆಗೂ ಬಿಡಿಸಿದೆ. ಈಗ ಈ ತುದಿಯಿಂದ ಆ ತುದಿವರೆಗೆ ಒಂದೇ ಒಂದು ಗಂಟಿಲ್ಲ!"

ನನಗೆ ಸೈಕಲ್ಲು ಗೊತ್ತು, ದೋಣಿ ಗೊತ್ತಿಲ್ಲ. ಆದ್ದರಿಂದ ಬಾಯಿತುಂಬ ಹೊಗಳಿದೆ.

ಆ ಸಂಜೆಯೆಲ್ಲ ಅವರ ಹಜಾರದಲ್ಲಿ ಹಗ್ಗಕ್ಕೂ ನಾಜೂಕಯ್ಯನಿಗೂ ಕುಸ್ತಿ. ಅವನು ಹೆಬ್ಬೆರಳಿಗೂ ಮೊಣಕೈಗೂ ಸೇರಿಸಿ ಒಂದೇ ಅಳತೆಯ ಸುತ್ತು ಸುತ್ತುವನು. ಕೈಬಿಟ್ಟ ಕೂಡಲೇ ಪ್ರತಿ ಸುತ್ತೂ ಮುರಿ ಹಾಕಿಕೊಂಡು ಎಂಟರ ಅಂಕಿಯಂತೆ ಹೊರಳುವುದು. ಒಂದು ಸಲ ಕುರ್ಚಿ ಒಳಗೆ ಸಿಕ್ಕಿಕೊಂಡಿತು, ಇನ್ನೊಂದು ಸಲ ಬೆಕ್ಕು ಸಿಕ್ಕಿಕೊಂಡಿತು. ಬೆಕ್ಕು ಬಿಡಿಸಿದವರನ್ನೇ ಪರಚಿ ಹೋಯಿತು.

ಹೆಂಡತಿ ದೋಣಿಯಲ್ಲೇ ಬೆಳೆದವಳು. "ರೀ, ಸುತ್ತಬೇಡಿ. ಸುತ್ತಿದಷ್ಟೂ ಮುರಿ ಬೀಳುತ್ತೆ. ಒಂದು ಟಬ್ಬಿಗೆ ಬಾಲದ ಕಡೆಯಿಂದ ಸುಮ್ನೆ ಇಳಿಬಿಡಿ, ಅದು ಬಿದ್ದ ಹಾಗೆ ಬೀಳಲಿ. ಲಂಗರಿನ ತುದಿ ಮೇಲಿರಲಿ. ಬಿದ್ದ ಹಾಗೇ ಎದ್ದು ಹೋಗುತ್ತೆ."

"ಬಿದ್ದ ಹಾಗೆ ಬೀಳಲಿ ಅಂತ ಬಿಟ್ಟರೆ ಅದನ್ನ ಅಚ್ಚುಕಟ್ಟು ಅಂತಾರಾ? ಸೋಮಾರಿತನ ಅಂತಾರೆ" ಎಂದ ನಾಜೂಕಯ್ಯ. ಆದರೆ ಟಬ್ಬು ಎಂಬ ಪದ ಅವನ ತಲೆಯಲ್ಲಿ ಉಳಿಯಿತು. ಮರುದಿನ ನಸುಕಿನಲ್ಲೇ ನಾನು ಟ್ಯೂಬು ಮುಳುಗಿಸಿ ನೋಡುವ ನನ್ನ ದೊಡ್ಡ ಟಬ್ಬು ಅವನ ಅಂಗಳದಲ್ಲಿತ್ತು. ಹಗ್ಗದ ನೀರು ಇಳಿಯಲಿ ಎಂದು ಅವನು ಅದರ ತಳಕ್ಕೆ ಸಾಲಾಗಿ ತೂತು ಕೊರೆದಿದ್ದ. ಪಂಚರ್ ಹುಡುಕುವ ಟಬ್ಬಿಗೇ ಪಂಚರ್. ನಾನು ಬಾಯಿ ತೆರೆಯುವ ಮೊದಲೇ ಅವನು, "ತೂತುಗಳ ನಡುವೆ ಅಂತರ ನೋಡು, ಎಲ್ಲಾ ಒಂದೇ ಸಮ" ಎಂದ.

ಮುರಿ ಹೋಗಬೇಕಾದರೆ ಹಗ್ಗ ಬಿಸಿಲಿನಲ್ಲಿ ನೇರವಾಗಿ ಮಲಗಬೇಕು ಎಂದು ಅವನಿಗೆ ತೋಚಿತ್ತು. ನಾನು ಗೊಣಗುತ್ತ ಒಳಗೆ ಹೋದ ಮೇಲೆ, ಬೀದಿ ಏಳುವ ಮೊದಲೇ ತನ್ನ ಮನೆಯ ಮೂಲೆಯಿಂದ ಹೊಳೆಯ ಕಡೆಗೆ ಹಗ್ಗವನ್ನು ಚಾಚಿದ. ಅಲ್ಲಲ್ಲಿ ಇಟ್ಟಿಗೆ ಹೇರಿದ. ಲಂಗರನ್ನು ತನ್ನ ಮೆಟ್ಟಿಲ ಕೆಳಗಿನ ಸಂದಿಗೆ ತಳ್ಳಿ, ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೊಂದು ಗೋಣಿಚೀಲ ಹೊದಿಸಿ, ಗ್ರಂಥಾಲಯಕ್ಕೆ ಹೊರಟುಹೋದ. ಹೆಂಡತಿ ಆಗಲೇ ಅಪ್ಪನ ದೋಣಿಯ ಹತ್ತಿರ ಹೋಗಿದ್ದಳು.

ಮೊದಲು ಹೊರಗೆ ಬಂದವರು ನಾಜೂಕಯ್ಯನ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು. ಹಗ್ಗ ಅವರ ಮನೆಯ ಮೆಟ್ಟಿಲನ್ನು ಸರಿಯಾಗಿ ಅರ್ಧಕ್ಕೆ ಸೀಳಿಕೊಂಡು ಹೋಗಿತ್ತು. ಅವರು ಹಗ್ಗ ನೋಡಿದರು, ಇಟ್ಟಿಗೆ ನೋಡಿದರು, ಎದೆ ಹಿಡಿದುಕೊಂಡರು.

"ಹೋಯ್ತು! ರಸ್ತೆ ಅಗಲ ಮಾಡ್ತೀವಿ, ಮಾಡ್ತೀವಿ ಅಂತಿದ್ರು, ಗೆರೆ ಎಳೆದೇಬಿಟ್ರು!"

ಬೀದಿ ನೆರೆಯಿತು. ಇದು ನಗರಸಭೆಯ ಹಗ್ಗವೇ ಹೌದೇ ಎಂದು ದರ್ಜಿ ಅನುಮಾನಿಸಿದ. ಅವನದು ನನ್ನ ಪಕ್ಕದ ಅಂಗಡಿ. ಹೆಡ್‌ಮಾಸ್ತರರು ತರಗತಿಯ ದನಿಯಲ್ಲಿ ಗದರಿದರು. "ಸ್ವಂತದ ಹಗ್ಗವನ್ನ ಯಾರಾದರೂ ಬೀದಿಯಲ್ಲಿ ಬಿಟ್ಟು ಹೋಗ್ತಾರೇನಯ್ಯಾ? ಹಳೆಯದು, ಕೆಸರಾಗಿದೆ, ಕಾವಲಿಗೆ ಯಾರೂ ಇಲ್ಲ. ಇದಕ್ಕಿಂತ ಸರ್ಕಾರಿ ಲಕ್ಷಣ ಇನ್ನೇನು ಬೇಕು?"

ನಾಜೂಕಯ್ಯನ ಹಗ್ಗ ನನಗೆ ನೆನಪಾಯಿತು, ಆದರೆ ಅದು ಎಂಟರ ಅಂಕಿ, ಇದು ನೇರ ಗೆರೆ, ಇದು ಅದಲ್ಲ ಎಂದುಕೊಂಡೆ. ಹಗ್ಗ ಆಚೆ ಬದಿಯಲ್ಲಿ ಬಿದ್ದಿತ್ತು, ನನ್ನ ಅಂಗಡಿ ಈಚೆ ಬದಿಯಲ್ಲಿ. ನಾನು ಗಂಟಲು ಸರಿಮಾಡಿಕೊಂಡು, "ಊರು ಮುಂದುವರಿಯಬೇಕು ಅಂದ್ರೆ ಯಾರಾದ್ರೂ ತ್ಯಾಗ ಮಾಡಲೇಬೇಕು ಮೇಷ್ಟ್ರೇ" ಎಂದೆ. ದರ್ಜಿಯೂ ತಲೆದೂಗಿದ. ಅಭಿವೃದ್ಧಿಯ ಬಗ್ಗೆ ನಮಗಿಬ್ಬರಿಗೂ ಅಷ್ಟು ಕಾಳಜಿ ಇದೆ ಎಂದು ನಮಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾನು ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಹಗ್ಗ ನಡುಬೀದಿಗೆ ಬಂದಿತ್ತು. ಹೆಡ್‌ಮಾಸ್ತರರು ತಮ್ಮ ಬಾಗಿಲಲ್ಲಿ ಆಕಾಶ ನೋಡುತ್ತ ನಿಂತಿದ್ದರು. ನಾನು ಒಂದು ಟ್ಯೂಬಿಗೆ ಗಾಳಿ ತುಂಬಿ ತಲೆಯೆತ್ತುವಷ್ಟರಲ್ಲಿ ಅದು ನನ್ನ ಅಂಗಡಿಯ ಹಲಗೆಯನ್ನು ಮುಟ್ಟುತ್ತಿತ್ತು.

"ಏನ್ ಮೇಷ್ಟ್ರೇ ಇದು? ಸರ್ಕಾರಿ ಗೆರೆಯನ್ನ ಕಾಲಲ್ಲಿ ಒದೀತೀರಾ? ಪಾಠ ಹೇಳಿದೋರು ನೀವು!"

"ನಾನೆಲ್ಲಿ ಒದ್ದೆ? ಎಡವಿದೆ."

"ಇಟ್ಟಿಗೆಗಳೂ ಎಡವಿದ್ವಾ?"

ಊರಿನ ಮುನ್ನಡೆಯನ್ನು ಕ್ಷಣಕಾಲ ಬದಿಗಿಟ್ಟು ನಾನೂ ದರ್ಜಿಯೂ ಹಗ್ಗವನ್ನು ಆ ಕಡೆ ತಳ್ಳಿದೆವು. ಅವರು ಈ ಕಡೆ ತಳ್ಳಿದರು. ಅವರ ಸೊಸೆ ಬಂದಳು, ದರ್ಜಿಯ ಹೆಂಡತಿ ಬಂದಳು. ಹಗ್ಗಜಗ್ಗಾಟ ಎಂದು ಮಾತಿಗೆ ಹೇಳುತ್ತಾರೆ, ನಾವು ನಿಜವಾಗಿಯೂ ಆಡಿದೆವು. ಕೊನೆಗೆ ದರ್ಜಿ ಹೋಗಿ ನಗರಸಭೆಯ ಓವರ್‌ಸಿಯರನ್ನು ಕರೆತಂದ.

ಓವರ್‌ಸಿಯರ್ ಕಂಕುಳಲ್ಲಿ ಚೀಲ ಇಟ್ಟುಕೊಂಡು ಹಗ್ಗದ ಉದ್ದಕ್ಕೂ ನಡೆದರು. ಹಗ್ಗ ತಮ್ಮ ಕಚೇರಿಯದಲ್ಲ ಎಂದು ಅವರಿಗೆ ಗೊತ್ತು. ಆದರೆ ತಮಗೆ ಗೊತ್ತಿಲ್ಲದೆ ಹಾಕಿದ್ದಾರೆಂದರೆ ತಮಗಿಂತ ಮೇಲಿನವರೇ ಹಾಕಿರಬೇಕು. ಅವರ ಮುಖ ಬೆವರಿತು.

"ಇದು ಮೇಲಿಂದ ಬಂದಿದೆ" ಎಂದರು, ದನಿ ತಗ್ಗಿಸಿ. "ಯಾರೂ ಮುಟ್ಟಬಾರದು. ಮುಟ್ಟಿದ್ರೆ ನಾನು ಜವಾಬ್ದಾರ ಅಲ್ಲ. ಮುಟ್ಟದಿದ್ರೂ ನಾನು ಜವಾಬ್ದಾರ ಅಲ್ಲ."

ಅವರ ಜೊತೆಯ ಜವಾನ ಪ್ರತಿ ಇಟ್ಟಿಗೆಯ ಮೇಲೂ ಒಂದೊಂದು ಕೆಂಪು ಬಟ್ಟೆಯ ತುಂಡು ಸಿಕ್ಕಿಸಿ ಕಾವಲು ನಿಂತ. ಬಟ್ಟೆಯನ್ನು ದರ್ಜಿಯೇ ಕೊಟ್ಟ. ಯಾಕೆ ಕೊಟ್ಟೆ ಎಂದು ಅವನ ಹೆಂಡತಿ ಆಮೇಲೆ ವಾರಗಟ್ಟಲೆ ಕೇಳಿದಳು.

ಮಧ್ಯಾಹ್ನ ನಾಜೂಕಯ್ಯ ಗ್ರಂಥಾಲಯದಿಂದ ಬಂದ. ಬೀದಿ ತುಂಬ ಜನ, ಕೆಂಪು ಬಾವುಟ, ಜವಾನ, ಓವರ್‌ಸಿಯರ್. ಏನೆಂದು ಕೇಳಿದ. ನಗರಸಭೆ ರಸ್ತೆ ಅಗಲ ಮಾಡಲು ಹಗ್ಗ ಎಳೆದಿದೆ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ನಾಜೂಕಯ್ಯ ಹಗ್ಗವನ್ನು ಅಕ್ಕರೆಯಿಂದ ನೋಡಿ, "ಒಳ್ಳೇ ಹಗ್ಗ" ಎಂದ. ಮರುಕ್ಷಣ ಎದೆ ಬಡಿದುಕೊಂಡ.

"ಅಯ್ಯೋ, ನಮ್ಮ ಹಗ್ಗ ಎಲ್ಲಿ? ಬೆಳಿಗ್ಗೆ ಇಲ್ಲೇ ಹಾಸಿದ್ದೆ! ಸಾರ್, ನಮ್ಮ ಹಗ್ಗ ಕಳುವಾಗಿದೆ!"

"ಎಂಥಾ ಹಗ್ಗ?" ಎಂದರು ಓವರ್‌ಸಿಯರ್.

"ಇದೇ ಬಣ್ಣ ಸಾರ್. ಇದೇ ದಪ್ಪ. ಇದೇ ಕೆಸರು ವಾಸನೆ."

"ಉದ್ದ?"

"ಹೆಚ್ಚುಕಮ್ಮಿ ಇಷ್ಟೇ. ಆದರೆ ನಮ್ಮದು ನೇರವಾಗಿತ್ತು ಸಾರ್. ನಿಮ್ಮದು ಸೊಟ್ಟಗಿದೆ."

"ಸರ್ಕಾರಿ ಗೆರೆ ಸೊಟ್ಟಗಿದೆ ಅಂತೀಯಾ?" ಓವರ್‌ಸಿಯರ್ ಕೆಂಪಾದರು. "ನಿನ್ನ ಹಗ್ಗ ತೆಗೆದು ಇದನ್ನ ಹಾಕಿದ್ದಾರೆ ಅಂದ್ರೆ ನೀನು ಸರ್ಕಾರಿ ಜಾಗದಲ್ಲಿ ಹಗ್ಗ ಹಾಸಿದ್ದೆ ಅಂತಾಯ್ತು. ಅದು ಅಪರಾಧ."

ನಾಜೂಕಯ್ಯ ನನ್ನ ಅಂಗಡಿಯ ಹಲಗೆಯ ಮೇಲೆ ಕುಸಿದ. "ಮಾವನಿಗೆ ಯಾವ ಮುಖ ತೋರಿಸಲಿ? ದೋಣಿ ದಡಕ್ಕೆ ಬಿತ್ತು. ಇನ್ನು ಈ ಜನ್ಮದಲ್ಲಿ ನಾನು ಆ ಮನುಷ್ಯನೇ" ಎಂದು ಅತ್ತ. ಅವನ ಅಳು ನೋಡಿ ಜವಾನ ಒಂದು ಕೆಂಪು ಬಟ್ಟೆ ತೆಗೆದು ಕಣ್ಣೊರೆಸಿಕೊಳ್ಳಲು ಕೊಟ್ಟ. ನನಗೂ ಪಾಪ ಎನಿಸಿತು. ತೂತಿನ ಟಬ್ಬನ್ನು ಆ ಕ್ಷಣಕ್ಕೆ ಕ್ಷಮಿಸಿಬಿಟ್ಟೆ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ರೀ! ಸಾಹೇಬರು ನಾಳೆ ಬದಲು ಇವತ್ತೇ ಬಂದ್ಬಿಟ್ಟಿದ್ದಾರೆ. ದೋಣಿಯಲ್ಲಿ ಕೂತಿದ್ದಾರೆ. ಹಗ್ಗ ತನ್ನಿ ಬೇಗ!"

"ಹಗ್ಗ ಕಳುವಾಯ್ತು ಕಣೇ. ಇದು ಸರ್ಕಾರದ್ದು."

ಆಕೆ ಗಂಡನನ್ನು ನೋಡಿದಳು, ಹಗ್ಗವನ್ನು ನೋಡಿದಳು. ಹಗ್ಗದ ಗುಂಟ ನಡೆದು ತಮ್ಮ ಮೆಟ್ಟಿಲ ಕೆಳಗೆ ಬಗ್ಗಿ ಗೋಣಿಚೀಲ ಎತ್ತಿದಳು. ಕೊಕ್ಕೆ ಚಾಚಿಕೊಂಡು ಲಂಗರು ಕೂತಿತ್ತು.

"ಓವರ್‌ಸಿಯರ್ ಸಾಹೇಬ್ರೇ, ನಿಮ್ಮ ರಸ್ತೆಗೆ ಲಂಗರು ಯಾಕೆ? ತೇಲಿ ಹೋಗುತ್ತೆ ಅಂತಾನಾ?"

ಬೀದಿಯವರೆಲ್ಲ ಒಮ್ಮೆ ಲಂಗರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನಾಜೂಕಯ್ಯನ ಮೇಲೆ ಬಿದ್ದರು. ಓವರ್‌ಸಿಯರ್ ಮಾತ್ರ, "ನನಗೆ ಮೊದಲೇ ಅನುಮಾನ ಇತ್ತು" ಎಂದು ಚೀಲ ಎತ್ತಿಕೊಂಡು ಹೊರಟರು. ಉಗಿಯಲು ಸಮಯವಿರಲಿಲ್ಲ, ಹಗ್ಗ ತೊಲಗಿದರೆ ಸಾಕಾಗಿತ್ತು. ನಾನು ಟಬ್ಬು ಹಿಡಿದೆ. ಹೆಡ್‌ಮಾಸ್ತರರು, ದರ್ಜಿ, ಸೊಸೆ, ಜವಾನ, ಎಲ್ಲರೂ ಸಾಲಾಗಿ ನಿಂತು ಬಾಲದ ಕಡೆಯಿಂದ ಹಗ್ಗವನ್ನು ಕೈಯಿಂದ ಕೈಗೆ ದಾಟಿಸಿ ಟಬ್ಬಿಗೆ ಇಳಿಬಿಟ್ಟೆವು. "ಅಯ್ಯೋ, ಸುತ್ತಿ, ಸುತ್ತಿ ಹಾಕಿ!" ಎಂದು ನಾಜೂಕಯ್ಯ ಗೋಗರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಗ್ಗ ಬಿದ್ದ ಹಾಗೆ ಬಿತ್ತು. ಅವನಿಗೆ ನಾಚಿಕೆಯಾಗಿ ಮೇಲಿನ ಎರಡು ಸುತ್ತನ್ನಾದರೂ ನೋಡಲು ಚೆನ್ನಾಗಿರಲಿ ಎಂದು ದುಂಡಗೆ ಸವರಿದ.

ಇಡೀ ಬೀದಿ ಟಬ್ಬಿನ ಹಿಂದೆ ಮೆರವಣಿಗೆಯಲ್ಲಿ ಹೊಳೆಗೆ ಬಂತು. ತಪಾಸಣೆ ಸಾಹೇಬರು ಬಿಳಿ ಪ್ಯಾಂಟು, ಕಪ್ಪು ಬೂಟು ಹಾಕಿಕೊಂಡು ದೋಣಿಯಲ್ಲಿ ಕೂತಿದ್ದರು. ನಾವು ಟಬ್ಬನ್ನು ದೋಣಿಯ ಮೂತಿಯಲ್ಲಿ, ಆ ಕಬ್ಬಿಣದ ಬಳೆಗೆ ಒತ್ತಿಕೊಂಡ ಹಾಗೆ ಇಟ್ಟೆವು. ನಾನೂ ಹತ್ತಿ ಕೂತೆ. ಟಬ್ಬು ನನ್ನದು, ಅದನ್ನು ಬಿಟ್ಟಿರುವುದು ಹೇಗೆ?

"ಎಲ್ಲಾ ಸರಿಯಿದೆ ತಾನೆ?" ಎಂದು ಮಾವ ಮಗಳನ್ನು ಕೇಳಿದರು.

ಉತ್ತರ ಕೊಟ್ಟವನು ನಾಜೂಕಯ್ಯ. "ಒಂದೇ ಒಂದು ಗಂಟಿಲ್ಲ ಮಾವ."

ದೋಣಿ ನಡುಹೊಳೆಗೆ ಹೋಯಿತು. ಸಾಹೇಬರು ಮೋಟಾರು ನಿಲ್ಲಿಸಲು ಹೇಳಿದರು. "ಹ್ಞೂಂ, ಲಂಗರು."

ಮಾವ ಸೊಂಟ ಹಿಡಿದುಕೊಂಡು ಲಂಗರನ್ನು ನೀರಿಗೆ ತಳ್ಳಿದರು. ಹಗ್ಗ ಟಬ್ಬಿನಿಂದ ಏಳತೊಡಗಿತು. ಎಲ್ಲೂ ತೊಡರಲಿಲ್ಲ, ಎಲ್ಲೂ ತಡೆಯಲಿಲ್ಲ. ಪದರದ ಮೇಲೆ ಪದರ ಬಿಚ್ಚಿಕೊಂಡು ಎಣ್ಣೆಯ ಧಾರೆಯ ಹಾಗೆ ಹೊಳೆಗೆ ಇಳಿಯಿತು. ಸಾಹೇಬರ ಹುಬ್ಬು ಮೇಲೇರಿತು. "ಭಲೇ! ಹೀಗಿರಬೇಕು ಹಗ್ಗ ಅಂದ್ರೆ!" ಮಾವನ ಮೀಸೆ ಒಂದಿಷ್ಟು ಅರಳಿತು. ನಾಜೂಕಯ್ಯ ಮಾವನ ಬಾಯನ್ನೇ ನೋಡುತ್ತ ಕೈಮುಗಿದು ನಿಂತ. ಮಾವ ಬಾಯಿ ತೆರೆದರು. "ನಮ್ಮ..." ಎಂದರು.

ಆಗ ಹಗ್ಗದ ಬಾಲ ಟಬ್ಬಿನಿಂದ ಹೊರಗೆ ಬಂತು. ಒಂದು ಸಲ ಎಲ್ಲರಿಗೂ ಕಾಣುವ ಹಾಗೆ ಗಾಳಿಯಲ್ಲಿ ಆಡಿತು. ಅಂಚನ್ನು ದಾಟಿ ಸದ್ದಿಲ್ಲದೆ ನೀರಿಗೆ ಹೋಯಿತು.

ಸಾಹೇಬರು ನೀರು ನೋಡಿದರು. ನಾನು ಟಬ್ಬು ನೋಡಿದೆ. ತೂತುಗಳು ಒಂದೇ ಸಮ ಕಾಣುತ್ತಿದ್ದವು. ದೋಣಿ ನಿಧಾನವಾಗಿ ಹೊಳೆ ಹೋದ ಕಡೆಗೆ ಹೋಗತೊಡಗಿತು.

"ಬಳೆಗೆ ನಾನು ಹಾಕಿದ್ದ ಗಂಟು ಎಲ್ಲಿ?" ಎಂದರು ಮಾವ. ಅವರ ದನಿ ಬಹಳ ಮೃದುವಾಗಿತ್ತು.

"ಅದೇ ಮಾವ ಎಲ್ಲಕ್ಕಿಂತ ಗಟ್ಟಿ ಇದ್ದಿದ್ದು" ಎಂದ ನಾಜೂಕಯ್ಯ. "ಬಿಡಿಸೋಕೆ ಬಹಳ ಕಷ್ಟ ಆಯ್ತು."

ಮೋಟಾರು ಬೇಕಾದಾಗ ಹೊತ್ತಿಕೊಳ್ಳುವ ಜಾತಿಯದಲ್ಲ. ಮಾವ ದಾರ ಎಳೆದರು, ಬೈದರು, ಮತ್ತೆ ಎಳೆದರು. ದಡದಲ್ಲಿ ನಮ್ಮ ಬೀದಿಯವರು ದೋಣಿಯ ಜೊತೆಜೊತೆಗೇ ನಡೆಯುತ್ತ ಸಲಹೆ ಕೊಟ್ಟರು. ದೋಣಿ ತೇಲಿ ತೇಲಿ ಒಂದು ಮರಳು ದಿಬ್ಬಕ್ಕೆ ಹೋಗಿ ಕೂತಿತು. ಸಾಹೇಬರು ನೀರಿಗಿಳಿದು ನಡೆಯಬೇಕಾಯಿತು. ನಾಜೂಕಯ್ಯ ಮಂಡಿಯೂರಿ ಅವರ ಬಿಳಿ ಪ್ಯಾಂಟನ್ನು ಮಡಿಚಿಕೊಟ್ಟ. ಎರಡು ಕಾಲಿನ ಮಡಿಕೆಯೂ ಒಂದೇ ಅಳತೆ ಬರಲಿ ಎಂದು ಮೂರು ಸಲ ಬಿಚ್ಚಿ ಮಡಿಚಿದ.

"ನಾಳೆ ಬರ್ತೀನಿ" ಎಂದರು ಸಾಹೇಬರು, ಬೂಟು ಕೈಯಲ್ಲಿ ಹಿಡಿದುಕೊಂಡು. "ಲಂಗರು ಇದ್ರೆ ಪರವಾನಗಿ. ಇಲ್ದಿದ್ರೆ ಈ ದೋಣಿಯಲ್ಲಿ ಹೂವಿನ ಗಿಡ ಬೆಳೆಸಿ."

ಮರುದಿನ ಬೆಳಿಗ್ಗೆ ಮಾವ ಒಬ್ಬ ಪಾತಾಳಗರಡಿಯವನನ್ನು ಕರೆಸಿದರು. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲನ್ನು ಅವನು ದೋಣಿಯಿಂದ ಇಳಿಬಿಟ್ಟು ಹೊಳೆಯ ತಳವನ್ನು ಕೆರೆದ. ದಡದಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಓವರ್‌ಸಿಯರ್ ಕೂಡ ಬಂದು ಮರದ ಹಿಂದೆ ನಿಂತಿದ್ದರು. ನಾಜೂಕಯ್ಯ ಮಾತ್ರ ದೂರದಲ್ಲಿ ಒಂದು ಕಲ್ಲಿನ ಮೇಲೆ ತಲೆತಗ್ಗಿಸಿ ಕೂತಿದ್ದ. ಸುತ್ತಲಿನ ಬೆಣಚುಕಲ್ಲುಗಳನ್ನು ಸಾಲಾಗಿ ಜೋಡಿಸುವಷ್ಟು ಉತ್ಸಾಹವೂ ಅವನಲ್ಲಿ ಉಳಿದಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಅವನ ಬೆನ್ನು ಸವರುತ್ತಿದ್ದಳು.

ಕೊಕ್ಕೆಗೆ ಏನೋ ಸಿಕ್ಕಿತು. ಪಾತಾಳಗರಡಿಯವನು ಎಳೆದ. ಹಗ್ಗ ಬಂತು. ಎಳೆದಷ್ಟೂ ಬಂತು, ಒಂದೇ ಎಳೆಯಾಗಿ, ನೀರು ತೊಟ್ಟಿಕ್ಕಿಸುತ್ತ, ಕೊನೆಗೆ ಲಂಗರಿನ ಸಮೇತ ಬಂತು. ಅವನು ಕೈ ಸೊಂಟಕ್ಕಿಟ್ಟು ದಡಕ್ಕೆಲ್ಲ ಕೇಳುವ ಹಾಗೆ ಕೂಗಿದ.

"ಸ್ವಾಮೀ, ಹೊಳೆಗೆ ಬಿದ್ದ ಹಗ್ಗ ಎಷ್ಟೋ ತೆಗೆದಿದ್ದೀನಿ. ಎಲ್ಲಾ ಉಂಡೆಯಾಗೇ ಬರುತ್ತೆ. ಇದು ನೋಡಿ, ಒಂದು ಸಿಕ್ಕಿಲ್ಲ, ಒಂದು ಗಂಟಿಲ್ಲ! ಯಾರ್ರೀ ಇದನ್ನ ಹೀಗೆ ಇಟ್ಟೋರು?"

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಮೀಸೆ ತೀಡಿಕೊಂಡರು. ಹೊಳೆ ನೋಡಿದರು. ಕೆಮ್ಮಿದರು. ದೂರದ ಕಲ್ಲಿನ ಮೇಲೆ ಕೂತಿದ್ದವನನ್ನೂ ಅವನ ಬೆನ್ನ ಮೇಲಿದ್ದ ಮಗಳ ಕೈಯನ್ನೂ ನೋಡಿದರು. ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಕಣ್ಣು ಮುಚ್ಚಿ ಹೇಳಿದರು.

"ನಮ್ಮ ಅಳಿಯಂದಿರು."

ನಾಜೂಕಯ್ಯ ಎದ್ದು ನಿಂತ. ಕೂತ. ಮತ್ತೆ ಎದ್ದ. "ಕೇಳಿದ್ಯೇನೇ? ಕೇಳಿದ್ಯಾ?" ಎಂದು ಹೆಂಡತಿಯ ಭುಜ ಅಲುಗಿಸಿದ. ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು. ನಾನೂ, ಸುಳ್ಳೇಕೆ, ಜೋರಾಗಿಯೇ ತಟ್ಟಿದೆ.

ಹಗ್ಗವನ್ನು ಈ ಸಲ ಮಗಳೇ ಟಬ್ಬಿಗೆ ಇಳಿಬಿಟ್ಟಳು. ಅದಕ್ಕೂ ಮೊದಲು ಮಾವ ಬಾಲವನ್ನು ಬಳೆಗೆ ಬಿಗಿದು, ಕಾಲು ಕೊಟ್ಟು ಎಳೆದು, ಗಂಟಿನ ಮೇಲೆ ಗಂಟು ಹಾಕಿದರು. ಸಾಹೇಬರು ಖಾಕಿ ಪ್ಯಾಂಟು ಹಾಕಿಕೊಂಡು ಬಂದರು. ಲಂಗರು ಇಳಿಯಿತು, ಹಗ್ಗ ಹರಿಯಿತು, ಬಾಲದ ಹತ್ತಿರ ಬಂದು ಬಿಗಿಯಾಯಿತು. ದೋಣಿ ಮೂಗುದಾರ ಹಾಕಿದ ಎತ್ತಿನ ಹಾಗೆ ನಡುಹೊಳೆಯಲ್ಲಿ ನಿಂತಿತು. ಪರವಾನಗಿ ಸಿಕ್ಕಿತು. ಸಾಹೇಬರು ಮಾವನ ಕೈ ಕುಲುಕಿದರು.

ಆ ಸಂಭ್ರಮದಲ್ಲಿ ನಾಜೂಕಯ್ಯ ದೋಣಿಯ ಮೂತಿಗೆ ಹೋಗಿ, ಬಳೆಯ ಹತ್ತಿರ ಬಗ್ಗಿ, ತಲೆಯನ್ನು ಈ ಕಡೆ ವಾಲಿಸಿ ನೋಡಿದ, ಆ ಕಡೆ ವಾಲಿಸಿ ನೋಡಿದ. ಜೇಬಿನಿಂದ ನನ್ನ ಸ್ಕ್ರೂಡ್ರೈವರ್ ತೆಗೆದ.

"ಮಾವ, ಈ ಗಂಟು ಸ್ವಲ್ಪ ಓರೆಯಾಗಿದೆ. ಒಂದೇ ನಿಮಿಷ, ಬಿಚ್ಚಿ ನೇರ ಮಾಡಿಬಿಡ್ಲಾ?"

ಮಾವ ಸಾಹೇಬರ ಕೈ ಬಿಟ್ಟರು.

"ಮಗಳೇ," ಎಂದರು, "ಆ ಮನುಷ್ಯನ ಎರಡೂ ಕೈ ಹಿಡ್ಕೋ."